ಮುಚ್ಚಳದೊಳಗಿನ ಹನಿ

ಕುಲಗೋಡದ ನಮ್ಮ ಓಣಿಗೆ ಆ ಕೆಂಪು ಸ್ಪೋರ್ಟ್ಸ್ ಕಾರು ಬಂದ ದಿನ ನನ್ನ ಹೊಟ್ಟೆ ಉರಿದದ್ದು ನಿಜ. ಆ ಹಳೆಯ ಗಾಡಿಯನ್ನು ಸಂಕೇಶ್ವರದಲ್ಲಿ ಮೊದಲು ನೋಡಿ ಬಂದವನು ನಾನು. ಕೊಂಡವನು ದೊಡ್ಡಪ್ಪನ ಮಗ ಗುರುಪಾದ.

ಏಪ್ರಿಲ್ ಬಿಸಿಲಲ್ಲಿ ಇಬ್ಬರೂ ಹಿಡಕಲ್‌ಗೆ ಹೋಗಿ ಬರುವಾಗ ಹುಕ್ಕೇರಿ ಬಳಿ ಅದು ನಿಂತಿತು. ಗುರುಪಾದ ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದ. ಒಳಗೆಲ್ಲ ನೀರಹನಿ.

“ಮಳಿ ಇಲ್ಲ, ಮೋಡ ಇಲ್ಲ, ಎಲ್ಲಿಂದ ಬಂತಲೇ ಇದು?”

ಒರೆಸಿ ಹಾಕಿದ. ಕಾರು ಕೆಮ್ಮಿ ಸುಮ್ಮನಾಯಿತು. ಬಿಚ್ಚಿದರೆ ಮತ್ತೆ ಹನಿ. ಎಂಜಿನ್ ಕೈ ಸುಡುತ್ತಿತ್ತು, ಮುಚ್ಚಳ ಮಾತ್ರ ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು.

“ನೀನ ಒರಸು. ಹೆಂಗೂ ನಿನ್ನ ಕಣ್ಣ ಇದರ ಮ್ಯಾಲ ಐತಿ,” ಎಂದು ನಕ್ಕ.

ನಾನು ಒರೆಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಶುರುವಾಯಿತು. ಗುರುಪಾದ ಆಮೇಲೆ ನಗಲಿಲ್ಲ.

ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ದೊಡ್ಡವ್ವ ದೃಷ್ಟಿ ತೆಗೆದಳು. ಆದರೂ ಕಾರು ನನ್ನ ಕೈಗಷ್ಟೇ ಶುರುವಾಗುತ್ತಿತ್ತು. ಕೊನೆಗೆ, “ತಗೋಳಲೇ ನಿನ್ನ ಗಾಡಿ,” ಎಂದು ಕೀಲಿ ಎಸೆದು ಹೋದ.

ಇಡೀ ಮಳೆಗಾಲ ಮುಚ್ಚಳದೊಳಗೆ ಒಂದು ಹನಿಯೂ ಕಾಣಲಿಲ್ಲ. ನಿನ್ನೆ ಗುರುಪಾದ ಮನೆಗೆ ಬಂದ. ಚಹಾ ಆರುವ ತನಕ ಕಾರನ್ನೇ ನೋಡಿದ. “ಚಲೋ ಇಟ್ಟಿ ನೋಡಪಾ,” ಎಂದ.

ಇವತ್ತು ಬೆಳಿಗ್ಗೆ ಕಾರು ಶುರುವಾಗಲಿಲ್ಲ. ಮುಚ್ಚಳ ಬಿಚ್ಚಿದೆ. ಬೆರಳಿಗೆ ತಣ್ಣಗೆ ಹನಿ ತಾಗಿತು.