ನಾಲ್ಕನೇ ಜ್ವರ

ತಟ್ಟೆಯ ತುಂಬ ಬಿಳಿ ಹುಳುಗಳು. ಒಂದೂ ಕದಲುತ್ತಿಲ್ಲ. ಅರ್ಧ ತಿಂದ ಹಿಪ್ಪುನೇರಳೆ ಎಲೆಗಳ ಮೇಲೆ, ತೇವ ಹೀರಲೆಂದು ತೆಳ್ಳಗೆ ಉದುರಿಸಿದ ಸುಣ್ಣದ ಹುಡಿಯ ನಡುವೆ, ಸಾವಿರ ತಲೆಗಳು ಎತ್ತಿದಂತೆಯೇ ನಿಂತಿವೆ. ಯಾರೋ ಕರೆದಂತೆ, ಕರೆದವರು ಯಾರೆಂದು ತಿಳಿಯದಂತೆ. ಪರದೆಯಲ್ಲಿ ಸೋಸಿ ಬಂದ ಬೆಳಗು ಅವುಗಳ ಬೆನ್ನ ಮೇಲೆ ಹಾಲಿನ ಕೆನೆಯಾಗಿ ಕೂತಿದೆ. ಹಳೆಯ ಚರ್ಮ ಕಳಚುವ ಮುಂಚಿನ ಈ ನಿಶ್ಚಲತೆಗೆ ಮಾಂಬಳ್ಳಿಯ ರೇಷ್ಮೆ ಸಾಕುವವರು ಜ್ವರ ಎನ್ನುತ್ತಾರೆ. ಇದು ನಾಲ್ಕನೆಯದು, ಕೊನೆಯದು.

ಶಾಂತಮೂರ್ತಿ ಸುಣ್ಣದ ಕೈಯಲ್ಲೇ ತಿರುಗಿ ನೋಡಿದ. ಸೋದರತ್ತೆಯ ಮಗಳು ಭವ್ಯ, ಎಂದಿನಂತೆ ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಬಂದಿದ್ದಳು.

"ಬಾಗ್ಲು ಕಣೆ! ಊಜಿ ನೊಣ ನುಗ್ಗುದ್ರೆ ಉಳ ಎಲ್ಲಾ ಓಯ್ತವೆ. ಜಪಾನ್‌ನಲ್ಲಿ ಉಳದ ಕಾಯ್ಲೆ ಓದ್ತಾಳಂತೆ, ಬಾಗ್ಲು ಹಾಕಕ್ಕೆ ಬರಕಿಲ್ಲ!"

ಈ ಬೈಗುಳಕ್ಕೆ ದಿನವೂ ನಗುತ್ತಿದ್ದವಳು ಇಂದು ನಗಲಿಲ್ಲ. ಬಾಗಿಲೆಳೆದು ಬಂದು ಫೋನನ್ನು ಅವನ ಮುಂದೆ ಹಿಡಿದಳು.

ನಾಲ್ಕು ತಿಂಗಳ ಹಿಂದೆ ತನ್ನ ಅಮ್ಮನಿಗೆ ಆಪರೇಷನ್ ಎಂಬ ಸುದ್ದಿ ಬಂದಾಗ, ಊರ ಶಾಲೆಯಲ್ಲಿ ಮೇಷ್ಟ್ರಿಗೆ ಹೇಳಿ ಬರುತ್ತಿದ್ದ ಹಾಗೆಯೇ ಅವಳು ಪ್ರೊಫೆಸರಿಗೆ ಬಾಯಲ್ಲಿ ಹೇಳಿ ಹೊರಟುಬಂದಿದ್ದಳು. ಅವರು ತಲೆಯಾಡಿಸಿದ್ದರು, ಅಷ್ಟೇ ಸಾಕೆಂದುಕೊಂಡಿದ್ದಳು. ರಜೆಯ ಅರ್ಜಿಯೇ ಇಲ್ಲವೆಂದು ನಿನ್ನೆ ರಾತ್ರಿ ಜಪಾನಿನ ಯೂನಿವರ್ಸಿಟಿಯಿಂದ ಮೇಲ್ ಬಂದಿತ್ತು. ಸೋಮವಾರದೊಳಗೆ ಖುದ್ದಾಗಿ ಬಂದು ಹೆಸರು ನೋಂದಾಯಿಸದಿದ್ದರೆ ವಿದ್ಯಾರ್ಥಿನಿಯೆಂಬ ಸ್ಥಾನ ರದ್ದು. ಅದರ ಹಿಂದೆಯೇ ವೀಸಾ.

ಇಂದು ಶನಿವಾರ. ಬರುವ ಶುಕ್ರವಾರ ಇವರಿಬ್ಬರ ನಿಶ್ಚಿತಾರ್ಥ.

"ಅಪ್ಪಂಗೆ ಏಳ್ದಾ?"

"ಏಳ್ದೆ. 'ಈಗ ವಾಪಸ್ ಓದ್ರೆ ಸಂಬಂಧ ಮುಗೀತು, ಇನ್ನೊಂದ್ಸಲ ಎಣ್ಣು ಕೇಳಕಿಲ್ಲ' ಅಂದ್ರು ಮಾವ." ಅವಳು ಫೋನನ್ನು ಕೆಳಗಿಳಿಸಿದಳು. "ಏರ್‌ಪೋರ್ಟ್‌ಗೆ ಕಾರು ರಸ್ತೇಲಿ ನಿಂತದೆ ಬಾವ. ಇರು ಅನ್ನು. ಒಂದೇ ಒಂದ್ ಮಾತು. ವಾಪಸ್ ಕಳಿಸ್ಬುಡ್ತೀನಿ."

ಆ ಮಾತು ನಾಲ್ಕು ತಿಂಗಳಿಂದ ಅವನ ಗಂಟಲಲ್ಲೇ ಇತ್ತು. ಈಗ ನಾಲಿಗೆಯ ತುದಿಗೆ ಬಂದು ಸುಡುತ್ತಿತ್ತು. ಅವನು ತಟ್ಟೆಯತ್ತ ನೋಡಿದ. ಜ್ವರದ ಹುಳುವನ್ನು ಪ್ರೀತಿಯಿಂದ ಮುಟ್ಟಿದರೂ ಅದು ಅರ್ಧ ಕಳಚಿದ ಚರ್ಮದೊಳಗೇ ಸಾಯುತ್ತದೆ.

"ಓಗು."

"ಅಷ್ಟೇನಾ?"

"ಓಗಿ ಮೊದ್ಲು ಎಸ್ರು ಬರ್ಸು. ಆಮ್ಯಾಕೆ ಮದ್ವೆಗೆ ಅಂತ ರಜಾ ಕೇಳು. ಈ ಸಲ ಬಾಯಲ್ಲಿ ಬ್ಯಾಡ, ಅರ್ಜಿ ಬರ್ದು ಸೀಲ್ ಹಾಕುಸ್ಕಂಡು ಬಾ."

ಅವಳು ಅಳುತ್ತಲೇ ನಕ್ಕಳು. "ಮಾವ?"

"ಅಪ್ಪ ಕೇಳಕಿಲ್ಲ ಅಂದ್ರೆ ನಾನೇ ಬಂದು ಅತ್ತೇನ ಕೇಳ್ತೀನಿ."

ಅಪ್ಪನೆದುರು ಒಂದು ದಿನವೂ ತಲೆಯೆತ್ತದವನ ಮಾತು ಅದು. ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅದನ್ನು ಗಟ್ಟಿ ನೆಲವೆಂಬಂತೆ ನಂಬಿ ಹತ್ತಿರ ಬಂದಳು. ಅವನು ಹಿಂದೆಗೆದ ಅಂಗೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. ಐದು ಬೆರಳು ಬಿಳಿಯಾಗಿ ಮೂಡಿದವು.

"ಒರೆಸ್ಕೊಳ್ಳೆ, ಜನ ನೋಡ್ತಾರೆ."

"ಏರ್‌ಪೋರ್ಟ್‌ನಲ್ಲಿ ಒರೆಸ್ಕೊಂಡ್ರಾಯ್ತು."

ಅವನು ಬೆನ್ನು ತಿರುಗಿಸಿ ತಟ್ಟೆಯ ಮೇಲೆ ಬಾಗಿದ. ಸುಣ್ಣ ಉದುರಿಸಬೇಕಿದ್ದ ಕೈ ಗಾಳಿಯಲ್ಲೇ ನಿಂತಿತು. ಹೆಜ್ಜೆಗಳು ದೂರವಾದವು. ತೆರೆದ ಬಾಗಿಲಿನ ಬಿಸಿಲು ಒಂದು ಗಳಿಗೆ ಅವನ ಹೆಗಲ ಮೇಲೆ ಬಿತ್ತು.

ಆಮೇಲೆ, ಹುಳುಗಳು ಬೆಚ್ಚದಷ್ಟು ಮೆಲ್ಲಗೆ, ಒಂದು ನೊಣವೂ ನುಗ್ಗದಷ್ಟು ಬಿಗಿಯಾಗಿ, ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು.