ಯಾವೂರೆಂದು ಕೇಳುವ ದಾರಿ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಳಲಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಹೆದ್ದಾರಿಗೆ ಒಂದು ಗೀಳು. ತನ್ನ ಅಂಚಿನಲ್ಲಿ ಬೇರೂರಲು ಬಂದ ಗಿಡವನ್ನೆಲ್ಲ "ಯಾವೂರು ನಿಂದು?" ಎಂದು ಕೇಳುತ್ತಿತ್ತು. "ಇದೇ ಊರು" ಎಂದರೆ ಸರಿ, ಇಲ್ಲದಿದ್ದರೆ ಚಾಪೆಯಂತೆ ಸುತ್ತಿಕೊಳ್ಳುತ್ತಿತ್ತು.

ಹೀಗಿರಲು ಝಗಮಗನಾಥನೆಂಬ ಮೋಡಿಗಾರ ಅರಮನೆಗೆ ಬಂದ. "ಪ್ರಭು, ದಾರಿಬದಿಯ ತಂಗಡಿ, ಲಕ್ಕಿ, ಹೊಂಗೆಯೆಲ್ಲ ಬರೀ ಕಳೆ. ಚಿನ್ನದೆಲೆಯ ಗಿಡ ನೆಡಿಸುತ್ತೇನೆ" ಎಂದ. ಅರಸ ಬಾಯಿ ಬಿಟ್ಟುಕೊಂಡು ಒಪ್ಪಿದ. ರಾಜಕುಮಾರಿ ನಾಗಲಾಂಬೆ ಬೇಡ ಬೇಡವೆಂದು ಬಡಿದುಕೊಂಡಳು. ಯಾರು ಕೇಳಬೇಕು? ಇದ್ದದ್ದನ್ನೆಲ್ಲ ಕಡಿಸಿ ಚಿನ್ನದ ಗಿಡ ನೆಟ್ಟರು.

"ಯಾವೂರು?" ಎಂದಿತು ದಾರಿ.

"ಏಳು ಕಡಲಾಚೆ."

ದಾರಿ ಸರಸರನೆ ಸುತ್ತಿಕೊಂಡಿತು. ತವರಿನಿಂದ ಮರಳುತ್ತಿದ್ದ ರಾಣಿಯೂ ಪಲ್ಲಕ್ಕಿ ಸಮೇತ ಸುರುಳಿಯೊಳಗೆ ಸಿಕ್ಕಿಬಿದ್ದಳು.

"ಅಪ್ಪಾಜಿ, ಅಮ್ಮನನ್ನೇ ಕಳಕೊಂಡಿರಲ್ಲ!"

"ಬೆಳ್ಳಿ ಹೂವಿನ ಗಿಡ ನೆಟ್ಟರೆ ಸರಿಹೋಗುತ್ತದಂತೆ ಮಗಳೇ."

ನಾಗಲಾಂಬೆ ಹಣೆ ಚಚ್ಚಿಕೊಂಡಳು. ತಾನೇ ಹೊರಟು, ಮೂಡಣ ರಾಜ್ಯದ ಸಂತೆಯಿಂದ ಗಾಡಿಗಟ್ಟಲೆ ಹೊಂಗೆ ಸಸಿ ತಂದು ನೆಟ್ಟಳು. ಹೊಂಗೆ ನಮ್ಮದೇ ತಾನೇ?

"ಯಾವೂರು?" ಎಂದಿತು ದಾರಿ.

ಸಸಿಗಳು ಮುಖ ಮುಖ ನೋಡಿಕೊಂಡು, "ಮೂಡಣ ರಾಜ್ಯ" ಎಂದವು. ಸುರುಳಿ ಇನ್ನಷ್ಟು ಬಿಗಿಯಾಯಿತು. ಒಳಗೆ ರಾಣಿ ಕೆಮ್ಮಿದ್ದು ಕೇಳಿಸಿತು.

"ಹೆಸರೊಂದಿದ್ದರೆ ಸಾಕೇನೇ, ಊರು ಬೇಡವೇನೇ?" ಎಂದು ನಾಗಲಾಂಬೆ ತನ್ನನ್ನೇ ಬೈದುಕೊಂಡಳು. ಅಪ್ಪನ ಪೆದ್ದುತನ ತನಗೂ ಬಂತಲ್ಲ ಎಂದು ಅಳುವೇ ಬಂತು. ಕಡಿದ ಮರದ ಮೋಟಿನ ಮೇಲೆ ಕುಸಿದು ಕೂತಾಗ, ಕಾಲ ಕೆಳಗೆ ಒಣಗಿದ ಕಾಯಿಗಳು ಪಟಪಟನೆ ಒಡೆದವು. ಅವನ್ನೇ ಆರಿಸಿ ಬಿತ್ತಿದಳು. ಒಂದೇ ಮಳೆಗೆ ಮೊಳಕೆ ತಲೆಯೆತ್ತಿತು.

"ಯಾವೂರು?" ಎಂದಿತು ದಾರಿ.

"ಇದೇ ಊರು! ನಮ್ಮಮ್ಮನನ್ನು ಇಲ್ಲೇ ಕಡಿದರು."

ದಾರಿ ನಿಟ್ಟುಸಿರು ಬಿಟ್ಟು ಬಿಚ್ಚಿಕೊಂಡಿತು. ಓಡಿಹೋಗಲು ಅದರ ಮೇಲೆ ಕಾಲಿಟ್ಟ ಝಗಮಗನಾಥನನ್ನೂ "ಯಾವೂರು?" ಎಂದು ಕೇಳಿತು. ಒಬ್ಬೊಬ್ಬ ಅರಸನಿಗೆ ಒಂದೊಂದು ಊರು ಹೇಳಿದ್ದ ಅವನಿಗೆ ನಾಲಿಗೆ ಹೊರಳಲಿಲ್ಲ. ಹೊಗೆಯಾಗಿ ಹೋದ.

ಕೊನೆಗೆ ರಾಣಿ ಪಲ್ಲಕ್ಕಿಯಿಂದ ಇಣುಕಿದಳು.

"ಯಾವೂರವ್ವಾ?"

"ಆ ತುದಿ ತವರು, ಈ ತುದಿ ಮನೆ. ನಾನು ನಿನ್ನೂರವಳೇ ಕಣಪ್ಪ. ಬೇಗ ಬಿಡು, ಕಾಲು ಜೋಮು ಹಿಡಿದಿದೆ."

ನಾಗಲಾಂಬೆ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು. ಹಿಂದೆಯೇ ಬಂದ ಅರಸ, "ಆದರೂ ಆ ಬೆಳ್ಳಿ ಹೂವು..." ಎಂದು ಶುರುಮಾಡಿದ. ತಾಯಿ ಮಗಳು ಇಬ್ಬರೂ ತಿರುಗಿ ನೋಡಿದರು. ಅವನು ತೆಪ್ಪಗೆ ಬಿಂದಿಗೆ ಎತ್ತಿಕೊಂಡು ಮೊಳಕೆಗಳಿಗೆ ನೀರು ಹಾಕಿದ. ಅಂದಿನಿಂದ ಆ ದಾರಿ ಸುತ್ತಿಕೊಳ್ಳಲಿಲ್ಲ, ಎಲ್ಲರೂ ಅದರ ಬದಿಯ ಮರಗಳ ನೆರಳಲ್ಲಿ ಸುಖವಾಗಿ ಹೋಗಿಬಂದರು.