ಗೋಡೆಗೆ ತಿರುಗಿಸಿದ ಅನ್ನೆ

ನವೆಂಬರ್ 9, ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಒಮಾನಿನ ಸೀಬ್ ಕಡೆಯ ಪೊಲೀಸ್ ಠಾಣೆಗೆ ವೃದ್ಧೆಯೊಬ್ಬರು ವಾಕರ್ ಊರಿಕೊಂಡು ಬಂದು, ತಮ್ಮ ಅಜ್ಜಿ ಕಳುವಾಗಿದ್ದಾಳೆ ಎಂದು ದೂರು ಕೊಟ್ಟರು.

ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಶಮ್ಸಾ ಪೆನ್ನು ನಿಲ್ಲಿಸಿ ಅವರ ಮುಖವನ್ನೇ ನೋಡಿದಳು. ಕಳುವಾದದ್ದು ಅಜ್ಜಿಯಲ್ಲ, ಅಜ್ಜಿ ಬಿಡಿಸಿದ ಚಿತ್ರ ಎಂದು ತಿಳಿಯುವಷ್ಟರಲ್ಲಿ ಎರಡು ಸುತ್ತು ಕಹ್ವಾ ಕಾಫಿ ಮುಗಿದಿತ್ತು.

ದೂರುದಾರರ ಹೆಸರು ನೆರ್ಮಿನ್. ವಯಸ್ಸು ಎಪ್ಪತ್ಮೂರು. ಇಸ್ತಾಂಬುಲ್‌ನಲ್ಲಿ ಹುಟ್ಟಿ, ಒಮಾನಿ ವೈದ್ಯರೊಬ್ಬರನ್ನು ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೂ ಅಲ್ ಹೈಲ್‌ನ ವಿಲ್ಲಾದಲ್ಲೇ ಉಳಿದಿದ್ದರು. ಸೊಂಟದ ಮೂಳೆ ಮುರಿದಂದಿನಿಂದ ನೋಡಿಕೊಳ್ಳಲು ಒಬ್ಬ ಹೋಮ್ ನರ್ಸ್ ಇದ್ದಳು. ಆಲ್ಬಿನಾ, ಉಡುಪಿ ಕಡೆಯವಳು. ಶುಕ್ರವಾರದ ರಜೆಗೆ ಹೋದವಳು ಮರಳಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ.

ಉಡುಪಿ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಇನ್ಸ್‌ಪೆಕ್ಟರ್ ಫಾಹಿಮ್ ಆಯಿಶತ್‌ಳನ್ನು ಕರೆಸಿದ. ಆಯಿಶತ್ ಉಳ್ಳಾಲದ ಬ್ಯಾರಿ ಮನೆಯ ಹೆಣ್ಣು, ಠಾಣೆಯ ಭಾಷಾಂತರಗಾರ್ತಿ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ, ಅರಬಿ ಹೀಗೆ ಆರು ಭಾಷೆಗಳಲ್ಲಿ ಬೈಸಿಕೊಂಡು ಅಭ್ಯಾಸವಿದ್ದವಳು. ಇಲ್ಲಿನ ಕಾಗದಪತ್ರಗಳಿಗೆಲ್ಲ ಅರಬಿಯಲ್ಲಿ ಬೇರೆ ಬೇರೆ ಹೆಸರುಗಳಿದ್ದರೂ ಅವಳ ತಲೆಯೊಳಗೆ ಅವು ಇವತ್ತಿಗೂ ಎಫ್‌ಐಆರ್, ಪಂಚನಾಮೆಗಳೇ.

"ಚಿತ್ರದ ಬಗ್ಗೆ ಹೇಳಿ," ಎಂದ ಫಾಹಿಮ್.

"ಬಿಡಿಸಿದವಳು ಮೆಹ್‌ಪಾರೆ ರೆಫಿಕ್. ತುರ್ಕಿಯಲ್ಲಿ ಹೆಂಗಸು ಕುಂಚ ಹಿಡಿದರೆ ಊರೆಲ್ಲ ಮಾತಾಡುತ್ತಿದ್ದ ಕಾಲ. ಅವಳು ಪ್ಯಾರಿಸ್‌ಗೆ ಹೋಗಿ ಹೊಸ ರೀತಿಯ ಚಿತ್ರ ಕಲಿತು ಬಂದಳು. ಉಳಿದಿರುವ ಚಿತ್ರಗಳು ಬೆರಳೆಣಿಕೆಯವು. ಮಂಗಳವಾರ ಇಸ್ತಾಂಬುಲ್‌ನ ಮ್ಯೂಸಿಯಂನವರು ಬಂದು ಇದನ್ನು ಪ್ರದರ್ಶನಕ್ಕೆ ಒಯ್ಯಬೇಕಿತ್ತು."

"ಏನಿದೆ ಅದರಲ್ಲಿ?"

"ಕೂತ ಮುದುಕಿ. ಅವಳ ಮಡಿಲಲ್ಲಿ ಮಗು. ಹಿಂದೆ ನಿಂತ ಹೆಂಗಸು."

"ಸ್ಥಿತಿ?"

"ಒಂದು ಗೀರಿಲ್ಲ. ಮೂರು ಮುಖಗಳೂ ಹೊಳೆಯುತ್ತವೆ."

ಶಮ್ಸಾ ಅದನ್ನೂ ಬರೆದಳು. ನೆರ್ಮಿನ್ ಓದಿ ಸಹಿ ಹಾಕಿದರು.

ಹನ್ನೊಂದು ಗಂಟೆಗೆ ಸ್ಥಳ ಪರಿಶೀಲನೆ. ಅಷ್ಟು ದೊಡ್ಡ ಕಲಾವಿದೆಯ ಚಿತ್ರ ಹಜಾರದ ನಟ್ಟನಡುವೆ ರಾರಾಜಿಸುತ್ತಿತ್ತು ಎಂದುಕೊಂಡಿದ್ದಳು ಆಯಿಶತ್. ನೆರ್ಮಿನ್ ಪೊಲೀಸರನ್ನು ಕರೆದೊಯ್ದದ್ದು ಮನೆಯೊಳಗಿನ ಸ್ಟೋರ್ ರೂಮಿನ ಪಕ್ಕದ ಇಕ್ಕಟ್ಟು ಓಣಿಗೆ. ಅಲ್ಲಿ ಕಿಟಕಿಯಿಲ್ಲ, ಎಸಿಯಿಲ್ಲ, ನಿಂತರೆ ಬೆವರು ಧಾರೆ. ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ಬಿಳಿ ಸುಣ್ಣದ ಮೇಲೆ ಕಂದು, ನೀಲಿ, ಕೆಂಪು ಕಲೆಗಳು.

ಫಾಹಿಮ್ ಬಗ್ಗಿ ಮೂಸಿ ನೋಡಿದ. "ಇದು ಚಿತ್ರದ ಬಣ್ಣ. ಸೆಕೆಗೆ ಮೆತ್ತಗಾಗಿ ಅಂಟಿದೆ. ಅಂದರೆ ಚಿತ್ರದ ಮುಖ ಗೋಡೆಯ ಕಡೆಗಿತ್ತು."

"ಬಿಸಿಲಿಗೆ ಹಾಳಾಗಬಾರದೆಂದು," ಎಂದರು ನೆರ್ಮಿನ್.

ಕಿಟಕಿಯೇ ಇಲ್ಲದ ಓಣಿಗೆ ಬಿಸಿಲು ಎಲ್ಲಿಂದ ಬರಬೇಕು? ಆಯಿಶತ್ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಫಾಹಿಮ್ ಮಾತ್ರ ಶಮ್ಸಾಳ ಕೈಯಲ್ಲಿ ಆ ಕಲೆಗಳ ಪಕ್ಕ ಅಳತೆಪಟ್ಟಿ ಹಿಡಿಸಿ, ಇಂಚಿಂಚೂ ಬಿಡದೆ ಫೋಟೊ ತೆಗೆಸಿದ. ಈ ಮನೆಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದ. ಹನ್ನೊಂದು ಎಂಬ ಉತ್ತರ ಬಂತು. ಚಿತ್ರ ಅಂದಿನಿಂದಲೂ ಅಲ್ಲೇ ಇತ್ತು.

ಮುಂದಿನದು ಸುಲಭವಾಯಿತು. ಶುಕ್ರವಾರ ನಸುಕಿನಲ್ಲಿ ಆಲ್ಬಿನಾ ಬೆಡ್‌ಶೀಟ್ ಸುತ್ತಿದ ಚಪ್ಪಟೆ ವಸ್ತುವೊಂದನ್ನು ಕೂಸಿನಂತೆ ಎದೆಗಪ್ಪಿ ಟ್ಯಾಕ್ಸಿ ಹತ್ತಿದ್ದು ಗೇಟಿನ ಕ್ಯಾಮೆರಾದಲ್ಲಿ ನಿಚ್ಚಳವಾಗಿತ್ತು. ಅವಳನ್ನು ಸೀಬ್‌ನಲ್ಲಿ ಇಳಿಸಿದ ಕಟ್ಟಡವನ್ನು ಟ್ಯಾಕ್ಸಿಯವನು ತೋರಿಸಿಕೊಟ್ಟ. ಮೂರನೇ ಮಹಡಿಯಲ್ಲಿ ಅವಳ ಚಿಕ್ಕಮ್ಮನ ಮಗಳು ಇವ್ಲಿನ್‌ಳ ಫ್ಲ್ಯಾಟ್. ಬಾಗಿಲು ತೆರೆದದ್ದು ಆಲ್ಬಿನಾಳೇ. ಕಣ್ಣುಗಳು ಊದಿಕೊಂಡಿದ್ದವು. ಓಡುವ ಯೋಚನೆಯೂ ಅವಳಲ್ಲಿ ಇದ್ದಂತಿರಲಿಲ್ಲ.

ಒಳಗೆ ಮೇಜಿನ ಮೇಲೆ, ಮೊಂಬತ್ತಿಗಳ ನಡುವೆ, ಬೆಡ್‌ಶೀಟ್ ಹೊದ್ದ ಚಿತ್ರ ನಿಂತಿತ್ತು. ಫಾಹಿಮ್ ಬಟ್ಟೆ ಎಳೆದ.

"ಯಾ ರಬ್ಬಿ!" ಶಮ್ಸಾ ಎರಡು ಹೆಜ್ಜೆ ಹಿಂದೆ ಸರಿದಳು.

ಮುದುಕಿ ಇದ್ದಳು. ಮಗು ಇತ್ತು. ಹಿಂದೆ ನಿಂತವಳಿಗೆ ಮುಖವೇ ಇರಲಿಲ್ಲ. ಹಣೆಯಿಂದ ಗಲ್ಲದವರೆಗೆ ಯಾರೋ ಚಾಕುವಿನಿಂದ ಕೆರೆದು ಕೆರೆದು ಬರೀ ಕ್ಯಾನ್ವಾಸ್ ಬಟ್ಟೆ ಉಳಿಸಿದ್ದರು. ಠಾಣೆಯಲ್ಲಿ ಆಯಿಶತ್ ಹೆಣ ಕಂಡವಳು, ರಕ್ತ ಕಂಡವಳು. ಆದರೆ ಬರೀ ಬಣ್ಣದ ಮುಖವೊಂದರ ಮೇಲೆ ಇಷ್ಟು ದ್ವೇಷ ತೀರಿಸಿದ್ದನ್ನು ಕಂಡವಳಲ್ಲ.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಕದ್ದದ್ದಕ್ಕಿಂತ ಹಾಳು ಮಾಡಿದ್ದಕ್ಕೇ ಶಿಕ್ಷೆ ಜಾಸ್ತಿ, ಜೈಲು ತಪ್ಪಿದ್ದಲ್ಲ ಎಂದು ಫಾಹಿಮ್ ಮೊದಲೇ ಹೇಳಿಸಿದ. ಆಲ್ಬಿನಾ ಕುರ್ಚಿಯ ತುದಿ ಹಿಡಿದು ಕೂತಿದ್ದಳು.

"ಎಂತಕ್ಕೆ ತೆಗ್ದದ್ದು, ಆಲ್ಬಿನಾ ಬಾಯಿ?" ಆಯಿಶತ್ ಕೇಳಿದಳು.

"ಕದ್ದದ್ದಲ್ಲ ಮೇಡಂ. ಒಂದು ದಿನದ ಮಟ್ಟಿಗೆ ಕೊಂಡೋದದ್ದು."

"ಯಾಕೆ?"

"ಅದು ಸಂತ ಅನ್ನಮ್ಮ ಅಲ್ವಾ? ಯೇಸುಸ್ವಾಮಿಯ ಅಜ್ಜಿ. ಹಿಂದೆ ದೊಡ್ಡ ಅಕ್ಷರದಲ್ಲಿ ಬರ್ದದ್ದುಂಟು. ಎ, ಎನ್, ಎನ್, ಇ."

ಫಾಹಿಮ್ ಚಿತ್ರವನ್ನು ತಿರುಗಿಸಿದ. ಬರೆದಿತ್ತು.

"ನಮ್ಮಲ್ಲಿ ಮಕ್ಕಳಾಗದವರು, ಬಸುರಿಯರು ಎಲ್ಲ ಅನ್ನಮ್ಮನಿಗೇ ಹರಕೆ ಹೇಳುದು. ನನ್ನ ಮಗಳು ಮೆರಿಲ್‌ಗೆ ಎರಡು ಸಲ ಹೊಟ್ಟೆಯಲ್ಲೇ ಹೋಯ್ತು. ಈಗ ಎಂಟು ತಿಂಗಳು. ಇಪ್ಪತ್ತನೇ ತಾರೀಕಿಗೆ ನನಗೆ ಊರಿಗೆ ಟಿಕೆಟ್ ಉಂಟು. ನಮ್ಮ ಮನೆ ಮೇಡಂ, ಹಾನಿಮ್ ಹತ್ರ ಕೇಳಿದೆ, ಇದು ಆ್ಯನ್ ಅಲ್ವಾ ಅಂತ. ಹೌದು ಹೇಳಿದ್ರು. ಮತ್ತೆ ಗೋಡೆಗೆ ಎಂತಕ್ಕೆ ತಿರುಗಿಸಿದ್ದು ಕೇಳಿದ್ರೆ, ಅವಳ ಜಾಗ ಅದೇ ಹೇಳಿದ್ರು. ನನ್ನ ಎದೆ ಧಸಕ್ಕಂತು ಮೇಡಂ. ಸಂತಳನ್ನು ಯಾರಾದ್ರೂ ಹಾಗೆ ಇಡ್ತಾರಾ?"

"ಮುಖ ಯಾಕೆ ಕೆರೆದದ್ದು?"

"ದೇವರಾಣೆ ನಾನಲ್ಲ! ನಿನ್ನೆ ಒಂಬತ್ತು ದಿನದ ನೊವೆನ ಪ್ರಾರ್ಥನೆ ಮುಗಿಯುವ ದಿನ. ಮೆರಿಲ್‌ಗೆ ವಿಡಿಯೋ ಕಾಲಲ್ಲಿ ತೋರಿಸಿ, ಸಂಜೆ ಅಲ್ಲೇ ತಂದಿಡುವ ಅಂತ ಇದ್ದೆ. ಕತ್ತಲಲ್ಲೇ ತೆಗ್ದು ಸುತ್ತಿದ್ದು, ಇಲ್ಲಿ ಬಟ್ಟೆ ಬಿಚ್ಚಿದ್ರೆ ಹೀಗುಂಟು! ಕೈಕಾಲೇ ಬರ್ಲಿಲ್ಲ. ವಾಪಸ್ ಕೊಟ್ರೆ ನನ್ನ ತಲೆಗೇ ಅಲ್ವಾ ಕಟ್ಟುದು?"

ಆಯಿಶತ್ ಇದ್ದದ್ದನ್ನು ಇದ್ದ ಹಾಗೆ ಅರಬಿಗೆ ಇಳಿಸಿದಳು. ಒಳಗೊಳಗೆ ಮಾತ್ರ ನಂಬಲಿಲ್ಲ. ಸಂಜೆ ನೆರ್ಮಿನ್ ಬಂದು ಚಿತ್ರ ನೋಡಿ ಎದೆ ಹಿಡಿದುಕೊಂಡು, "ಕೊಂದುಬಿಟ್ಟಳು! ಗುರುವಾರ ರಾತ್ರಿಯವರೆಗೂ ಸರಿಯಾಗಿತ್ತು," ಎಂದು ಕೂಗಿದಾಗ ಆಯಿಶತ್‌ಳಿಗೆ ಆಲ್ಬಿನಾಳ ಮೇಲೆ ಸಿಟ್ಟು ನೆತ್ತಿಗೇರಿತು. ಊರಿನವಳೆಂದು ಕರಗಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಫಾಹಿಮ್ ನೆರ್ಮಿನ್‌ಗೆ ನೀರು ತರಿಸಿಕೊಟ್ಟ. ಆಮೇಲೆ ಗೋಡೆಯ ಫೋಟೊವನ್ನು ನಿಜಗಾತ್ರಕ್ಕೆ ಹಿಗ್ಗಿಸಿ, ಎಡಬಲ ಅದಲುಬದಲು ಮಾಡಿ, ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದ್ದನ್ನು ತಂದು ಚಿತ್ರದ ಮೇಲೆ ಹಾಸಿದ. ಮುದುಕಿಯ ಕೆಂಪು ಶಾಲಿನ ಮೇಲೆ ಗೋಡೆಯ ಕೆಂಪು ಕಲೆ ಸರಿಯಾಗಿ ಕೂತಿತು. ಮಗುವಿನ ನೀಲಿ ಅಂಗಿಯ ಮೇಲೆ ನೀಲಿ ಕೂತಿತು. ನಿಂತವಳ ಕಂದು ಕೂದಲ ಮೇಲೆ ಕಂದು.

"ಮುಖದ ಜಾಗದಲ್ಲಿ ಏನಿದೆ?" ಅವನು ಕೇಳಿದ.

ಆಯಿಶತ್ ಬಗ್ಗಿದಳು. ಆ ಜಾಗದಲ್ಲಿ ಬಿಳಿ ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಸುತ್ತಲಿನ ಬಣ್ಣವೆಲ್ಲ ಗೋಡೆಗೆ ಅಂಟಿದೆ, ಮುಖದ್ದು ಮಾತ್ರ ಅಂಟಿಲ್ಲ. ಯಾಕೆಂದರೆ ಗೋಡೆಗೆ ಬರುವ ಹೊತ್ತಿಗೇ ಮುಖ ಇರಲಿಲ್ಲ.

ಎದುರಿಗೆ ಕೂತ ಈ ಸಭ್ಯ ಮುದುಕಿ, ತನ್ನ ಮೈ ಒರೆಸಿ ಔಷಧಿ ಕುಡಿಸಿದವಳನ್ನು ಗೊತ್ತಿದ್ದೂ ಗೊತ್ತಿದ್ದೂ ಜೈಲಿಗೆ ನೂಕುತ್ತಿದ್ದರು!

"ಹಾನಿಮ್," ಎಂದ ಫಾಹಿಮ್. "ಆಲ್ಬಿನಾ ನಿಮ್ಮ ಮನೆಗೆ ಬಂದು ಐದು ತಿಂಗಳು. ಮುಖ ಹೋಗಿದ್ದು ಯಾವಾಗ?"

ನೆರ್ಮಿನ್ ನೀರಿನ ಲೋಟವನ್ನು ಮೇಜಿನ ಮೇಲಿಟ್ಟರು.

"ಸಾವಿರದ ಒಂಬೈನೂರ ಐವತ್ತೆಂಟರಲ್ಲಿ," ಎಂದರು. "ನನಗೆ ಏಳು ವರ್ಷ. ಕೆರೆದವಳು ನನ್ನ ತಾಯಿ. ದೀಪ ಹಿಡಿದವಳು ನಾನು."

ನಿಂತ ಹೆಂಗಸು ಮೆಹ್‌ಪಾರೆಯೇ. ಎರಡು ವರ್ಷದ ಮಗಳನ್ನು, ಎಂದರೆ ನೆರ್ಮಿನ್ ಅವರ ತಾಯಿಯನ್ನು, ತನ್ನ ತಾಯಿಯ ಮಡಿಲಿಗೆ ಹಾಕಿ ಪ್ಯಾರಿಸ್‌ಗೆ ಹೋದವಳು. ಮರಳಿದ್ದು ಎಂಟು ವರ್ಷದ ಮೇಲೆ. ಆ ಹೊತ್ತಿಗೆ ಮಗಳು ಅಜ್ಜಿಯನ್ನು 'ಅನ್ನೆ' ಎನ್ನುತ್ತಿದ್ದಳು, ಹೆತ್ತವಳನ್ನು 'ಮೆಹ್‌ಪಾರೆ ಹಾನಿಮ್' ಎಂದು ಹೊರಗಿನ ಹೆಂಗಸನ್ನು ಕರೆಯುವಂತೆ ಕರೆಯುತ್ತಿದ್ದಳು.

"ನಮ್ಮ ಭಾಷೆಯಲ್ಲಿ ಅನ್ನೆ ಎಂದರೆ ಅಮ್ಮ," ಎಂದರು ನೆರ್ಮಿನ್. "ಮೆಹ್‌ಪಾರೆ ಚಿತ್ರ ಬಿಡಿಸಿ ಹಿಂದೆ ಅದನ್ನೇ ಬರೆದಳು. ಮತ್ತೆ ಪ್ಯಾರಿಸ್‌ಗೆ ಹೋದಳು. ಅಲ್ಲಿನ ಧರ್ಮಾಸ್ಪತ್ರೆಯಲ್ಲಿ ಸತ್ತಳೆಂಬ ಸುದ್ದಿ ಬಂದ ಸಂಜೆ ನನ್ನ ತಾಯಿ ಚಾಕು ತಂದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿದಳು."

"ಮತ್ತೆ ಮ್ಯೂಸಿಯಂಗೆ ಕೊಡಲು ಒಪ್ಪಿದ್ದು?"

"ಅಜ್ಜಿಯ ಹೆಸರು ಉಳಿಯಲಿ ಎಂದು. ಅವರ ಬಳಿ ಹಳೆಯ ಫೋಟೊ ಇದೆ, ಮುಖ ಎಲ್ಲಿ ಎಂದು ಕೇಳುತ್ತಾರೆ. ಮಗಳೇ ತಾಯಿಯ ಮುಖ ಕೆರೆದಳೆಂದು ಇಸ್ತಾಂಬುಲ್‌ನ ಗೋಡೆಯ ಮೇಲೆ ಬರೆಸಲೇ? ಏನು ಹೇಳಲಿ ಎಂದು ಹೊಳೆಯದಿರುವಾಗಲೇ ಆಲ್ಬಿನಾ ಚಿತ್ರ ಒಯ್ದಳು. ಕೆಲಸದವಳ ಕೈಯಾದರೆ ಯಾಕೆಂದು ಯಾರೂ ಕೇಳುವುದಿಲ್ಲ."

ಆಯಿಶತ್‌ಳಿಗೆ ಎದ್ದು ಹೋಗಿ ಮುಖ ತೊಳೆದುಕೊಳ್ಳಬೇಕೆನಿಸಿತು.

ರಾತ್ರಿ ಎಂಟಕ್ಕೆ ಸುಳ್ಳು ಹೇಳಿಕೆ ಮತ್ತು ಸುಳ್ಳು ಆರೋಪದ ಮೇಲೆ ನೆರ್ಮಿನ್ ಅವರ ಬಂಧನ ದಾಖಲಾಯಿತು. ಕಳವಿನ ದೂರನ್ನು ಅವರೇ ಹಿಂತೆಗೆದುಕೊಂಡರು. ತೀರ್ಮಾನ ಪ್ರಾಸಿಕ್ಯೂಟರ್ ಅವರದು, ಆದರೆ ಆಲ್ಬಿನಾಳಿಗೆ ಇಪ್ಪತ್ತಕ್ಕೆ ವಿಮಾನ ಹತ್ತಲು ತೊಂದರೆಯಾಗಲಾರದು ಎಂದ ಫಾಹಿಮ್. ಅದನ್ನು ಕೇಳಿ ಅವಳು ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.

ಶಮ್ಸಾ ತೋಳು ಹಿಡಿದು ಎಬ್ಬಿಸುವಾಗ ನೆರ್ಮಿನ್ ಆಯಿಶತ್‌ಳ ಕಡೆ ತಿರುಗಿದರು. "ಅವಳನ್ನು ಒಂದು ಮಾತು ಕೇಳು. ಮುದುಕಿ ಸಂತಳಾದರೆ, ಮುಖವಿಲ್ಲದವಳನ್ನು ಯಾರೆಂದುಕೊಂಡಳು?"

ಆಯಿಶತ್ ಕೇಳಿದಳು. ಆಲ್ಬಿನಾ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ಮಗುವಿನ ತಾಯಿ. ಮತ್ಯಾರು?"

"ಆಲ್ಬಿನಾ ಬಾಯಿ, ಮುಖವೇ ಇಲ್ವಲ್ಲ, ಹೇಗೆ ಗೊತ್ತಾಯ್ತು?"

"ಕೈ ನೋಡಿ ಮೇಡಂ. ಮಗುವನ್ನು ಮುಟ್ಲಿಕ್ಕೆ ಬಂದು ಅರ್ಧದಲ್ಲೇ ನಿಂತಿದೆ. ಹೆತ್ತವಳಲ್ಲದೆ ಬೇರೆ ಯಾರು ಅಷ್ಟು ಹೆದರ್ತಾರೆ?"

ಆಯಿಶತ್ ಅದನ್ನು ಅರಬಿಯಲ್ಲಿ ಹೇಳಿದಳು. ನೆರ್ಮಿನ್ ಚಿತ್ರದ ಹತ್ತಿರ ಹೋಗಿ, ಆ ಕೈಯನ್ನು ಅದೇ ಮೊದಲ ಸಲ ನೋಡುವವರಂತೆ ನೋಡಿದರು. "ಆ ಕೈ ತನಗಾಗಿ ಚಾಚಿತ್ತೆಂದು ನನ್ನ ತಾಯಿ ಸಾಯುವವರೆಗೂ ಒಪ್ಪಲಿಲ್ಲ," ಎಂದು ಬಿಕ್ಕಿದರು. ಆಮೇಲೆ ವಾಕರ್ ಊರಿಕೊಂಡು ತಾವಾಗಿಯೇ ಬಾಗಿಲ ಕಡೆ ನಡೆದರು.

ಆ ಕೈಯ ಮಾತನ್ನೂ ಹೇಳಿಕೆಯಲ್ಲಿ ಸೇರಿಸಬೇಕೇ ಎಂದು ಶಮ್ಸಾ ಕೇಳಿದಳು. ಬರೆ ಎಂದ ಫಾಹಿಮ್.